ಊರು ನೆನೆಯುವ ಬಗೆ

(ಬಾನುಲಿ ಭಾಷಣದ ಬರಹರೂಪ)

ಕೆಲವು ವರ್ಷಗಳ ಹಿಂದೆ ಒಂದು ಮುಂಜಾನೆ ನಾನು ನಮ್ಮ ಊರಾದ ವಡಗೇರಾದ ಬಸ್ಸಿನ ನಿಲುಗಡೆಯ ಬಳಿ ನಿಂತಿದ್ದೆ. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದಿದ್ದ ತರುಣ ನೌಕರರೊಬ್ಬರು ಕೈಯಲ್ಲಿ ಒಂದು ನಕ್ಷೆಯನ್ನು ಹಿಡಿದುಕೊಂಡು ಬಂದು, ಯಾವುದೋ ಒಂದು ಸರ್ವೆ ನಂಬರನ್ನು ಹೇಳಿ, ಆ ಜಮೀನು ಊರಿನ ಯಾವ ದಿಕ್ಕಿಗೆ ಬರುತ್ತದೆಂದು ಕೇಳಿದರು. ಅದೇ ಊರಿನಲ್ಲಿ ಹುಟ್ಟಿ ಬೆಳೆದ ನನಗೆ ಉತ್ತರ ತಿಳಿಯಲಿಲ್ಲ. ಪಕ್ಕದ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನಕ್ಷೆಯ ಕಡೆಗೆ ಕಣ್ಣು ಕೂಡ ಹಾಯಿಸದೆ, ಅಕ್ಕಪಕ್ಕದ ಹೊಲಗಳು ಯಾರವೆಂಬುದನ್ನಷ್ಟೇ ವಿಚಾರಿಸಿ, “ಹುಣಸೀಗಿಡದ ಹೊಲ ಅಂತಾರ್ರೀ ಅದಕ. ಗಿಡ ಹೋಗ್ಯದ, ಹೆಸರು ಉಳದದ” ಎಂದರು. ನೌಕರರು ಆ ಹೆಸರನ್ನು ಬರೆದುಕೊಳ್ಳಲಿಲ್ಲ. ಅವರ ಕಾಗದದಲ್ಲಿ ಅದಕ್ಕೆ ಜಾಗವಿರಲಿಲ್ಲ. ತೋರಿಸಿದ ದಿಕ್ಕಿಗೆ ನಮಸ್ಕರಿಸಿ ನಡೆದರು.

ಬದಲಾಗುತ್ತಿರುವ ಊರೊಂದು ತನ್ನ ಹಿಂದಿನದನ್ನು ಹೇಗೆ ನೆನೆಯುತ್ತದೆ ಎಂಬ ವಿಷಯವಾಗಿ ಮಾತನಾಡಬೇಕೆಂದು ಆಹ್ವಾನ ಬಂದಾಗ ನನಗೆ ಮೊದಲು ಹೊಳೆದದ್ದು ಈ ಸಣ್ಣ ಸಂಗತಿ. ಊರಿನ ನೆನಪೆಂದೊಡನೆ ನಮ್ಮ ಮನಸ್ಸು ಕೋಟೆ, ಗುಡಿ, ಗುಮ್ಮಟ, ಶಾಸನಗಳ ಕಡೆಗೆ ಓಡುತ್ತದೆ. ಅವೂ ಬೇಕಾದವುಗಳೇ. ಆದರೆ ವಡಗೇರಾದಂಥ ಊರಿಗೆ ಹೇಳಿಕೊಳ್ಳುವಂಥ ಕೋಟೆ ಕೊತ್ತಲಗಳ ವೈಭವವಿಲ್ಲ. ಭೀಮಾ ಮತ್ತು ಕೃಷ್ಣಾ ನದಿಗಳೆರಡೂ ಕೂಡುವ ಮುನ್ನ ತಮ್ಮ ನಡುವೆ ಹಿಡಿದುಕೊಂಡ ಎರೆಭೂಮಿಯ ಊರು ಅದು. ಅಂಥ ಊರುಗಳಲ್ಲಿ ನೆನಪು ಜನರ ಬಾಯಿಯಲ್ಲಿ, ಹೊಲದ ಹೆಸರಿನಲ್ಲಿ, ಬಾವಿಯ ಹೆಸರಿನಲ್ಲಿ ಇರುತ್ತದೆ. ಊರು ಬದಲಾಗತೊಡಗಿದಾಗ ಮೊದಲು ಸಡಿಲುವುದೂ ಅದೇ.

ನಮ್ಮ ಅಜ್ಜಿಗೆ ಇಸವಿಗಳು ಗೊತ್ತಿರಲಿಲ್ಲ. ಆದರೆ ಕಾಲದ ಲೆಕ್ಕ ಅವಳಿಗೆ ಎಂದೂ ತಪ್ಪುತ್ತಿರಲಿಲ್ಲ. ನಮ್ಮ ದೊಡ್ಡಪ್ಪ ‘ರಜಾಕಾರರ ಗದ್ದಲದಾಗ’ ಹುಟ್ಟಿದವನು. ಸೋದರತ್ತೆಯ ಮದುವೆ ‘ದೊಡ್ಡ ಹೊಳಿ ಬಂದ ವರ್ಷ’ ಆದದ್ದು. ನನ್ನ ತಮ್ಮ ನಡೆಯಲು ಕಲಿತದ್ದು ‘ಬರದಾಗ’. ಎಂದರೆ 1972ರ ಬರದಲ್ಲಿ. ಹುಟ್ಟು, ಮದುವೆ, ಸಾವು, ಸಾಲ ಎಲ್ಲವನ್ನೂ ಅವಳು ಊರಿಗೆಲ್ಲ ತಿಳಿದ ಒಂದು ಘಟನೆಗೆ ಕಟ್ಟಿಹಾಕಿ ನೆನಪಿಡುತ್ತಿದ್ದಳು. ಶಾಲೆಗೆ ಹೋಗುತ್ತಿದ್ದ ನಾವು ಇದನ್ನು ಕೇಳಿ ನಗುತ್ತಿದ್ದೆವು.

ನಗಬಾರದಾಗಿತ್ತೆಂದು ತಿಳಿದದ್ದು ಬಹಳ ವರ್ಷಗಳ ಮೇಲೆ, ಮಾರಿಸ್ ಹಾಲ್ಬ್‌ವಾಕ್ಸ್ ಎಂಬ ಫ್ರಾನ್ಸಿನ ಸಮಾಜಶಾಸ್ತ್ರಜ್ಞನ ವಿಚಾರಗಳ ಪರಿಚಯವಾದಾಗ. ಈತ 1925ರಲ್ಲಿ ನೆನಪಿನ ಸಾಮಾಜಿಕ ಚೌಕಟ್ಟುಗಳನ್ನು ಕುರಿತು ಒಂದು ಗ್ರಂಥ ಬರೆದನು. 1945ರಲ್ಲಿ ನಾಜಿಗಳ ಬುಕೆನ್‌ವಾಲ್ಡ್ ಸೆರೆಶಿಬಿರದಲ್ಲಿ ತೀರಿಕೊಂಡನು. ಆತನ ವಾದದ ತಿರುಳು ಸರಳವಾದುದು. ಮನುಷ್ಯ ಒಬ್ಬನೇ ಕುಳಿತು ನೆನೆಯುತ್ತಿರುವಂತೆ ತೋರಿದರೂ, ಆ ನೆನಪಿಗೆ ಆಧಾರ ಕೊಡುವುದು ಅವನ ಮನೆ, ಅವನ ಜನ, ಅವನ ಊರು. ಆ ಚೌಕಟ್ಟು ಕಳಚಿದರೆ ನೆನಪೂ ನಿಲ್ಲಲಾರದು. ನಮ್ಮ ಅಜ್ಜಿ ಮಾಡುತ್ತಿದ್ದುದು ಇದನ್ನೇ. ಅವಳ ಪಂಚಾಂಗದ ಒಂದೊಂದು ಎಲೆಯೂ ಊರಿನ ಎಲ್ಲರ ಕೈಯಲ್ಲಿತ್ತು.

ಈಗ ನಮ್ಮ ಸೀಮೆಯ ಚೌಕಟ್ಟು ಹೇಗೆ ಬದಲಾಗುತ್ತ ಬಂದಿತೆಂಬುದನ್ನು ಸ್ವಲ್ಪ ನೋಡೋಣ. 1871ರಲ್ಲಿ ಬೊಂಬಾಯಿಯ ಕಡೆಯ ಮತ್ತು ಮದರಾಸಿನ ಕಡೆಯ ರೈಲುಹಳಿಗಳು ರಾಯಚೂರಿನಲ್ಲಿ ಬಂದು ಕೂಡಿದಾಗ ಯಾದಗಿರಿ ಆ ಹಾದಿಯ ಒಂದು ನಿಲ್ದಾಣವಾಯಿತು. ಬೆಟ್ಟದ ಮೇಲಿನ ಕೋಟೆಯನ್ನು ನಂಬಿ ಬೆಳೆದಿದ್ದ ಊರು ಹಳಿಯ ಕಡೆಗೆ ಮುಖ ತಿರುಗಿಸಿತು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ನಾವು ಕನ್ನಡ ನಾಡಿಗೆ ಸೇರಿದೆವು. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು, ಎಡದಂಡೆಯ ಕಾಲುವೆಯ ನೀರು ಕ್ರಮವಾಗಿ ಸುರಪುರ, ಶಹಾಪುರ ಸೀಮೆಯ ಹೊಲಗಳಿಗೆ ಬಂದಿತು. ಜೋಳ ಬೆಳೆಯುತ್ತಿದ್ದ ನೆಲದಲ್ಲಿ ಭತ್ತದ ಗದ್ದೆಗಳೆದ್ದವು. ಬದುಗಳು ಕರಗಿದವು, ದಿನ್ನೆಗಳು ಸಮವಾದವು. 2009ರ ಕೊನೆಯಲ್ಲಿ ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿ ತಾನೇ ಒಂದು ಜಿಲ್ಲೆಯಾಯಿತು. 2018ರಲ್ಲಿ ಹುಣಸಗಿ, ಗುರುಮಠಕಲ್ಲುಗಳೊಡನೆ ನಮ್ಮ ವಡಗೇರಾ ಕೂಡ ಶಹಾಪುರದಿಂದ ಬಿಡಿಸಿಕೊಂಡು ತಾಲ್ಲೂಕು ಕೇಂದ್ರವೆನಿಸಿತು. ಹೊಲಗಳು ನಿವೇಶನಗಳಾದವು. ಹೆಸರಿದ್ದಲ್ಲಿ ನಂಬರು ಬಂದಿತು.

ಇದನ್ನು ದೂರಿಗಾಗಿ ಹೇಳುತ್ತಿಲ್ಲ. ಒಂದು ಪಹಣಿ ಪತ್ರಕ್ಕಾಗಿ ಶಹಾಪುರಕ್ಕೆ ಹೋಗಿ ದಿನವಿಡೀ ಕಾದು, ಸಂಜೆ ಬರಿಗೈಯಲ್ಲಿ ಬಸ್ಸು ಹತ್ತಿದವರಿಗೆ ಊರಲ್ಲೇ ಕಚೇರಿ ಬಂದುದರ ಬೆಲೆ ಗೊತ್ತು. ಕಾಲುವೆಯ ನೀರು ಕಂಡವರು ಬರದ ಕಾಲಕ್ಕೆ ಮರಳಲು ಒಪ್ಪುವುದಿಲ್ಲ. ಊರು ಬೆಳೆಯಬೇಕು. ಬೆಳೆಯುತ್ತ ಏನನ್ನು ಜೊತೆಗೆ ಒಯ್ಯುತ್ತದೆ ಎಂಬುದಷ್ಟೇ ಪ್ರಶ್ನೆ. ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ನೆರೆಯ ಸುರಪುರಕ್ಕೆ ಹೋಗುತ್ತೇನೆ. ಏಕೆಂದರೆ ನೆನೆಯುವ ವಿದ್ಯೆಯನ್ನು ನಾನು ಸ್ವಲ್ಪವಾದರೂ ಕಲಿತದ್ದು ಅಲ್ಲಿಯೇ.

ಹೈಸ್ಕೂಲಿನ ಓದಿಗೆಂದು ನಮ್ಮ ತಂದೆ ನನ್ನನ್ನು ಸುರಪುರದಲ್ಲಿ ಬಂಧುಗಳ ಮನೆಯಲ್ಲಿ ಬಿಟ್ಟಿದ್ದರು. ಸುತ್ತಲೂ ಬೆಟ್ಟ, ಬೆಟ್ಟದ ಮಡಿಲಲ್ಲಿ ಊರು. ಬಯಲಿನಿಂದ ಹೋದ ಹುಡುಗನಿಗೆ ಅದೊಂದು ಬೇರೆ ಲೋಕವೇ. ಗೋಸಲ ವಂಶದ ಬೇಡ ನಾಯಕರು ಆಳಿದ ಸಂಸ್ಥಾನ ಅದು. ಅವರ ಹಿಂದಿನ ನೆಲೆ ವಾಗಣಗೇರಾ. 1705ರಲ್ಲಿ ಮೊಗಲ ಬಾದಶಹ ಔರಂಗಜೇಬ ಮುಪ್ಪಿನ ವಯಸ್ಸಿನಲ್ಲಿ ತಾನೇ ದಂಡು ಕಟ್ಟಿಕೊಂಡು ಬಂದು ವಾಗಣಗೇರಾದ ಕೋಟೆಯನ್ನು ಮುತ್ತಿದನು. ಅವನು ಸ್ವತಃ ನಡೆಸಿದ ಕೊನೆಯ ಮುತ್ತಿಗೆ ಅದೇ. ಕೋಟೆ ಬಿದ್ದಿತು, ಆದರೆ ಪಿಡ್ಡ ನಾಯಕ ಕೈಗೆ ಸಿಕ್ಕಲಿಲ್ಲ. ಬಳಿಕ ನಾಯಕರ ರಾಜಧಾನಿಯಾಗಿ ಸುರಪುರ ಬೆಳೆಯಿತು. ಸೋತ ಊರನ್ನು ಬಿಟ್ಟು ಹೊಸ ಊರಿಗೆ ಬಂದವರು ಹಳೆಯದನ್ನು ಮರೆಯಲಿಲ್ಲ. ವಾಗಣಗೇರಾದ ಮಾತು ಬಂದರೆ ಸುರಪುರದ ಹಿರಿಯರ ದನಿ ಇಂದಿಗೂ ಒಂದು ಗೇಣು ಏರುವುದನ್ನು ನಾನು ಕೇಳಿದ್ದೇನೆ.

ಆದರೆ ಸುರಪುರದ ನೆನಪಿನ ನಿಜವಾದ ಪರೀಕ್ಷೆ ಇರುವುದು ಹತ್ತೊಂಬತ್ತನೆಯ ಶತಮಾನದಲ್ಲಿ. ಅಲ್ಲಿನ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಏಳೆಂಟು ವರ್ಷದ ಹುಡುಗ. ಸಂಸ್ಥಾನದ ಮೇಲೆ ಸಾಲ, ಅರಮನೆಯಲ್ಲಿ ಒಳಜಗಳ. ಆ ಹೊತ್ತಿಗೆ, 1841ರ ಸುಮಾರಿಗೆ, ಆಡಳಿತವನ್ನು ನೋಡಿಕೊಳ್ಳಲೆಂದು ನಿಯುಕ್ತನಾಗಿ ಬಂದವನು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿ, ಎಳೆಯ ವಯಸ್ಸಿಗೇ ಈ ದೇಶಕ್ಕೆ ಬಂದು, ನಿಜಾಮರ ಸೈನ್ಯದಲ್ಲಿ ಸೇವೆ ಮಾಡಿದವನು. ಠಕ್ಕರ ಜೀವನವನ್ನು ಕುರಿತು 1839ರಲ್ಲಿ ಒಂದು ಕಾದಂಬರಿ ಬರೆದು ಹೆಸರಾದವನು. ಸುರಪುರದಲ್ಲಿ 1853ರವರೆಗೆ ಇದ್ದನು. ಹುಡುಗ ರಾಜನ ವಿದ್ಯಾಭ್ಯಾಸದ ಹೊಣೆ ಹೊತ್ತನು. ರಾಜ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನೆಂಬುದನ್ನು ಟೇಲರನೇ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಊರಿನ ಜನರು ಮೆಡೋಸ್ ಎಂಬ ತಿರುಗದ ಹೆಸರನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ‘ಮಹಾದೇವ ಬಾಬಾ’ ಎನ್ನುತ್ತಿದ್ದರೆಂದು ಹೇಳುತ್ತಾರೆ. ಬೆಟ್ಟದ ಮೇಲೆ ಅವನು ಕಟ್ಟಿಸಿದ ಮನೆ ‘ಟೇಲರ್ ಮಂಜಿಲ್’ ಇಂದಿಗೂ ನಿಂತಿದೆ.

ಪ್ರಾಯಕ್ಕೆ ಬಂದ ವೆಂಕಟಪ್ಪ ನಾಯಕ ರಾಜ್ಯಭಾರ ವಹಿಸಿಕೊಂಡನು; ಟೇಲರ್ ಬೇರೆಡೆಗೆ ಹೋದನು. ನಾಲ್ಕೈದು ವರ್ಷಗಳೊಳಗೆ 1857ರ ಕಿಚ್ಚು ದೇಶದಲ್ಲಿ ಹಬ್ಬಿತು. ಆ ವರ್ಷದ ಕೊನೆಗೆ ಹಲಗಲಿಯ ಬೇಡರು ಆಯುಧ ಕೆಳಗಿಡಲು ಒಪ್ಪದೆ ಎದ್ದುನಿಂತರು. 1858ರ ಫೆಬ್ರವರಿಯಲ್ಲಿ ಸುರಪುರವೂ ಎದ್ದಿತು. ಕಂಪನಿಯ ದಂಡಿನೊಡನೆ ನಡೆದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿ ಸತ್ತನು. ಆದರೆ ಸಣ್ಣ ಸಂಸ್ಥಾನ ಎಷ್ಟು ದಿನ ತಡೆದೀತು? ರಾಜ ಹೈದರಾಬಾದಿಗೆ ಹೋದನು; ಅಲ್ಲಿ ದಿವಾನ ಸಾಲಾರ್ ಜಂಗ್ ಅವನನ್ನು ಹಿಡಿಸಿ ಆಂಗ್ಲರಿಗೊಪ್ಪಿಸಿದನು. ಸೆರೆಯಲ್ಲಿದ್ದ ತನ್ನ ಸಾಕುಮಗನನ್ನು ನೋಡಲು ಟೇಲರ್ ಹೋದನು. ಜೊತೆಗಿದ್ದವರ ಹೆಸರನ್ನು ಹೇಳಲು ರಾಜ ಒಪ್ಪಲಿಲ್ಲ. ತನಗೆ ಸಾವೇ ಗತಿಯಾದರೆ ಕಳ್ಳನಂತೆ ಗಲ್ಲಿಗೆ ಹಾಕದೆ ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ ಎಂದು ಕೇಳಿಕೊಂಡನು. ಇದನ್ನೂ ನಮಗೆ ತಿಳಿಸಿದವನು ಟೇಲರನೇ.

ಮರಣದಂಡನೆ ಇಳಿದು ಇಳಿದು ನಾಲ್ಕು ವರ್ಷದ ಸೆರೆಯಾಯಿತು. ಮದರಾಸಿನ ಕಡೆಗೆ ಕರೆದೊಯ್ಯುತ್ತಿದ್ದಾಗ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ರಾಜ ತಾನೇ ಗುಂಡು ಹಾರಿಸಿಕೊಂಡನೆಂದು ಟೇಲರ್ ಬರೆಯುತ್ತಾನೆ. ಆಗ ಅವನ ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು. 1860ರ ಒಪ್ಪಂದದಂತೆ ಸುರಪುರವನ್ನು ಆಂಗ್ಲರು ನಿಜಾಮರಿಗೆ ಉಡುಗೊರೆಯಾಗಿ ಕೊಟ್ಟರು. ಸಂಸ್ಥಾನ ಅಳಿಯಿತು.

ಈಗ ಯೋಚಿಸಿ. ಇಂಥ ಊರು ಟೇಲರನನ್ನು ಹೇಗೆ ನೆನೆಯಬೇಕು? ಅವನು ಪರಕೀಯರ ಅಧಿಕಾರಿ. ಅವನ ಸರಕಾರವೇ ಊರಿನ ರಾಜನನ್ನು ಮುಗಿಸಿತು. ಅವನ ಮನೆಯನ್ನು ಕೆಡವಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ಇಲ್ಲವೇ, ರಾಜನನ್ನು ದಾರಿ ತಪ್ಪಿದ ಹುಡುಗನೆಂದು ಬದಿಗಿಟ್ಟು ಟೇಲರನನ್ನೇ ಮಹಾಪುರುಷನನ್ನಾಗಿ ಮಾಡಿಕೊಳ್ಳಬಹುದಿತ್ತು. ಪರರ ಆಳ್ವಿಕೆಯ ದಿನಗಳಲ್ಲಿ ಅದೇ ಕ್ಷೇಮದ ಹಾದಿ. ಸುರಪುರ ಎರಡನ್ನೂ ಮಾಡಲಿಲ್ಲ. ವೆಂಕಟಪ್ಪ ನಾಯಕ ಅಲ್ಲಿ ಸ್ವಾತಂತ್ರ್ಯಕ್ಕಾಗಿ ಮಡಿದ ಅರಸ. ಟೇಲರ್ ಮಂಜಿಲ್ ಆ ಹೆಸರಿನಿಂದಲೇ ಟೇಲರ್ ಮಂಜಿಲ್.

ನಮ್ಮ ಇತಿಹಾಸದ ಮಾಸ್ತರರು ಒಂದು ಶನಿವಾರ ಮಧ್ಯಾಹ್ನ ಇಡೀ ತರಗತಿಯನ್ನು ಆ ಬೆಟ್ಟಕ್ಕೆ ನಡೆಸಿಕೊಂಡು ಹೋಗಿದ್ದರು. ಮನೆಯ ಮುಂದೆ ನಮ್ಮನ್ನು ಸಾಲಾಗಿ ಕೂಡಿಸಿದರು. ಕೆಳಗೆ ಊರಿನ ಮಾಳಿಗೆಗಳೆಲ್ಲ ಕಾಣುತ್ತಿದ್ದವು. ಮಾಸ್ತರರು ನೋಟು ಪುಸ್ತಕ ತೆಗೆಯಲು ಹೇಳಿ, “ಈ ಮನೀ ಕಟ್ಟಿಸಿದವ ನಮ್ಮ ರಾಜಗ ಅಕ್ಷರ ಕಲಿಸಿದ. ಅವನ ಸರಕಾರನ ನಮ್ಮ ರಾಜ್ಯ ಕಸಗೊಂಡಿತು. ಎರಡೂ ಬರಕೊಳ್ರಿ” ಎಂದರು. ನಮ್ಮಲ್ಲೊಬ್ಬ ಎದ್ದು, ಹಾಗಾದರೆ ಅವನು ಒಳ್ಳೆಯವನೋ ಕೆಟ್ಟವನೋ ಎಂದು ಕೇಳಿದ. ಮಾಸ್ತರರು ತುಸು ಹೊತ್ತು ಸುಮ್ಮನಿದ್ದು, “ಅದನ್ನ ನೀವು ದೊಡ್ಡವರಾದ ಮ್ಯಾಲ ನೋಡ್ರಿ. ಈಗ ಎರಡೂ ಬರಕೊಳ್ರಿ” ಎಂದು ಮತ್ತೆ ಅದನ್ನೇ ಹೇಳಿದರು.

ಆ ದಿನ ಅದು ನನಗೆ ಜಾರಿಕೊಳ್ಳುವ ಉತ್ತರವೆನಿಸಿತ್ತು. ಇಂದು ಹಾಗೆನಿಸುವುದಿಲ್ಲ. ರಾಜನ ಕೊನೆಯ ದಿನಗಳ ವಿವರ ನಮಗೆ ಉಳಿದು ಬಂದದ್ದು ಬಹುಮಟ್ಟಿಗೆ ಟೇಲರನ ಲೇಖನಿಯಿಂದ. ಆ ಆತ್ಮಕಥೆ ಅವನು ತೀರಿಕೊಂಡ ಮೇಲೆ, 1877ರಲ್ಲಿ, ಅಚ್ಚಾಯಿತು. ರಾಜನ ಧೈರ್ಯವನ್ನು ಕೊಂಡಾಡುವ ನಾವು ಅವನ ಎದುರಾಳಿಗಳ ಪಕ್ಷದ ಮನುಷ್ಯನ ಸಾಕ್ಷ್ಯವನ್ನೇ ನಂಬಿದ್ದೇವೆ. ಅದೇ ಸಾಕ್ಷ್ಯ ಆತ್ಮಹತ್ಯೆಯ ಮಾತನ್ನು ಹೇಳಿದಾಗ ಸುರಪುರದಲ್ಲಿ ಅನೇಕರು ತಲೆಯಲ್ಲಾಡಿಸುತ್ತಾರೆ; ನಾನಿದ್ದ ಮನೆಯ ಹಿರಿಯರು, ರಾಜ ತಾನಾಗಿ ಸಾಯುವವನಲ್ಲ, ಕೊಂದರು ಎನ್ನುತ್ತಿದ್ದರು. ಬರಹಕ್ಕೂ ಬಾಯಿಮಾತಿಗೂ ಹೀಗೆ ವ್ಯಾಜ್ಯವಿದೆ. ಕಪಟರಾಳ ಕೃಷ್ಣರಾಯರಂಥ ವಿದ್ವಾಂಸರು ಸುರಪುರ ಸಂಸ್ಥಾನದ ಇತಿಹಾಸವನ್ನು ಕನ್ನಡದಲ್ಲಿ ಬರೆದದ್ದರಿಂದ ಈ ವ್ಯಾಜ್ಯವನ್ನು ನಮ್ಮ ಭಾಷೆಯಲ್ಲೇ ನಡೆಸುವ ಭಾಗ್ಯ ನಮಗಿದೆ.

ಸುರಪುರವೇನೂ ಎಲ್ಲವನ್ನೂ ಕಾಪಾಡಿಕೊಂಡಿತೆಂದಲ್ಲ. ಆ ಅರಸರ ಆಶ್ರಯದಲ್ಲಿ ಒಂದು ಚಿತ್ರಶೈಲಿ ಬೆಳೆದಿತ್ತು. ಚಿನ್ನದ ರೇಕು ಬಳಸಿ, ಕೂದಲೆಳೆಯ ಗೆರೆಗಳಲ್ಲಿ ದೇವತೆಗಳನ್ನೂ ಅರಸರನ್ನೂ ಬರೆಯುತ್ತಿದ್ದ ಮನೆತನಗಳಿದ್ದವು. ಸಂಸ್ಥಾನ ಹೋದ ಮೇಲೆ ಆಶ್ರಯ ಹೋಯಿತು; ಆ ಕೈಗಳು ಬೇರೆ ಕೆಲಸ ಹುಡುಕಿಕೊಂಡವು. ಮುಂದೆ ಕಲಾವಿದರು ಆ ಶೈಲಿಯನ್ನು ಮತ್ತೆ ಕಲಿತು ಬರೆಯುತ್ತಿದ್ದಾರೆಂಬುದು ಸಮಾಧಾನದ ಮಾತು.

ಇನ್ನು, ಮನುಷ್ಯರು ಮರೆತುದನ್ನು ಕಲ್ಲು ಕಾದಿಡುವುದಿಲ್ಲವೇ ಎಂದು ಕೇಳಬಹುದು. ಕಾದಿಡುತ್ತದೆ, ಆದರೆ ಅದು ತಾನಾಗಿ ಮಾತನಾಡದು. ಭೀಮೆಯ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಒಂದು ಕಾಳಿಯ ಗುಡಿಯಿದೆ. 1986ರಲ್ಲಿ ಅದರ ಮಾಳಿಗೆ ಕುಸಿದಾಗ, ಮೂರ್ತಿಯ ಪೀಠಕ್ಕೆ ಬಳಸಿದ್ದ ಚಪ್ಪಡಿಯ ಮೇಲೆ ಅಕ್ಷರಗಳು ಕಂಡವು. ನೋಡಿದರೆ ಅದು ಅಶೋಕ ಚಕ್ರವರ್ತಿಯ ಶಾಸನ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಮಿಕ್ಕಿದ ಹಳೆಯ ಮಾತು ಪೂಜೆಯ ಪೀಠವಾಗಿ ಕುಳಿತಿತ್ತು. ಮಾಳಿಗೆ ಬೀಳದಿದ್ದರೆ ಇನ್ನೂ ಹಾಗೆಯೇ ಇರುತ್ತಿತ್ತೇನೋ.

ರಾಜನಕೋಳೂರಿನ ಸುತ್ತಿನ ದೊಡ್ಡ ಕಲ್ಲುಮನೆಗಳ ಮಾತೂ ಅಷ್ಟೇ. ಕುಳ್ಳರಾದ ಮೋರ್ಯರೆಂಬ ಜನ ಕಟ್ಟಿದರೆಂದು ಜನರು ಕತೆ ಹೇಳುತ್ತಿದ್ದರು. ಅವು ಅತಿ ಪ್ರಾಚೀನ ಕಾಲದ ಸಮಾಧಿಗಳೆಂದು ಅಗೆದು ನೋಡಿ ಬರೆದವರಲ್ಲಿ ಇದೇ ಟೇಲರ್ ಮೊದಲಿಗನು. ಹುಣಸಗಿಯ ಕಣಿವೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದಶಕಗಳ ಕಾಲ ನಡೆದಾಡಿ ಹಳೆಯ ಶಿಲಾಯುಗದ ನೆಲೆಗಳನ್ನು ಗುರುತಿಸಿದರು. ಅಲ್ಲಿಯ ಇಸಾಂಪುರದಲ್ಲಿ ಆದಿಮಾನವರು ಕಲ್ಲು ಒಡೆದು ಆಯುಧ ಮಾಡುತ್ತಿದ್ದ ಜಾಗ ಸುಮಾರು ಹನ್ನೆರಡು ಲಕ್ಷ ವರ್ಷ ಹಳೆಯದೆಂದು ಗಣಿಸಿದ್ದಾರೆ. ಕಾಲುವೆಯ ನೀರು ಬಂದು ನೆಲ ಸಮವಾಗುತ್ತಿದ್ದ ಕಾಲದಲ್ಲಿಯೇ ಈ ಹುಡುಕಾಟವೂ ನಡೆದದ್ದು. ಟ್ರ್ಯಾಕ್ಟರಿನ ನೇಗಿಲಿಗಿಂತ ಮುಂಚೆ ಒಬ್ಬ ತಿಳಿದ ಮನುಷ್ಯನ ಕಾಲು ಸೋಕಿದ್ದರಿಂದ ಉಳಿದ ನೆನಪು ಇದು.

ಇಷ್ಟರವರೆಗೆ ಹೇಳಿದ್ದು ನಮಗೆ ದೂರದ ಕಾಲ. ದೂರದ್ದನ್ನು ಎರಡೂ ಬದಿಯಿಂದ ನೆನೆಯುವುದು ಸುಲಭ. ಹತ್ತಿರದ್ದು ಬಂದಾಗ ನಾಲಗೆ ತಡವರಿಸುತ್ತದೆ.

ಅಜ್ಜಿ ರಜಾಕಾರರ ಕಾಲದ ಕತೆಯನ್ನು ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ರಾತ್ರೋರಾತ್ರಿ ಕೂಸುಗಳನ್ನು ಕಟ್ಟಿಕೊಂಡು ಜೋಳದ ಹೊಲದಲ್ಲಿ ಅಡಗಿದ್ದು, ಅಳುವ ಮಗುವಿನ ಬಾಯಿಗೆ ಸೆರಗು ಒತ್ತಿದ್ದು, ಮರಳಿ ಬಂದಾಗ ಹಗೇವು ಬರಿದಾಗಿದ್ದುದು. ಆ ಸಂಕಟ ನಿಜವಾದುದು. ಸೆಪ್ಟೆಂಬರ್ 17ನ್ನು ನಾವು ಬಿಡುಗಡೆಯ ದಿನವೆಂದು ಆಚರಿಸುವುದು ನ್ಯಾಯವಾದುದು. ಆದರೆ ಅಜ್ಜಿಯ ಕತೆ ಪೋಲೀಸ್ ಕಾರ್ಯಾಚರಣೆಯ ದಿನಕ್ಕೆ ಬಂದು ಗಕ್ಕನೆ ನಿಲ್ಲುತ್ತಿತ್ತು. ಆಮೇಲೇನಾಯಿತೆಂದು ಕೇಳಿದರೆ, “ಆಮ್ಯಾಲ ಏನದ, ಎಲ್ಲಾ ತಣ್ಣಗಾತು” ಎನ್ನುವಳು. ಒಂದೇ ಒಂದು ಸಲ, ತೀರ ಮುಪ್ಪಿನಲ್ಲಿ, ಕೇಳದೆಯೇ ಒಂದು ಮಾತು ಹೇಳಿದಳು. ಅವಳ ತವರಿನಲ್ಲಿ ಓಣಿಯ ಕೊನೆಗೆ ಅರಳೆ ಹಿಂಜುವವರ ಒಂದು ಮನೆಯಿತ್ತು. ಅವಳ ಮದುವೆಯ ಗಾದಿ ತುಂಬಿ ಕೊಟ್ಟವರು ಅವರೇ. “ಗದ್ದಲ ಮುಗದ ಮ್ಯಾಲ ಅವರು ಇರಲಿಲ್ಲ. ಎಲ್ಲಿಗೆ ಹೋದರಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ” ಎಂದಳು. ಗಾದಿ ಮಾತ್ರ ನಮ್ಮ ಮನೆಯಲ್ಲಿ ಬಹಳ ದಿನ ಇತ್ತು.

1948ರ ಕೊನೆಯಲ್ಲಿ ಪಂಡಿತ ಸುಂದರಲಾಲರ ನೇತೃತ್ವದ ಸಮಿತಿಯೊಂದು ಹೈದರಾಬಾದ್ ಸಂಸ್ಥಾನದಲ್ಲಿ ಸಂಚರಿಸಿ, ಕಾರ್ಯಾಚರಣೆಯ ಹೊತ್ತಿನಲ್ಲಿಯೂ ಆಮೇಲೂ ಮುಸ್ಲಿಮರ ಮೇಲೆ ನಡೆದ ಹಿಂಸೆಯ ವರದಿಯನ್ನು ಸಲ್ಲಿಸಿತು. ಹೆಚ್ಚು ಹಾನಿಗೊಳಗಾದವೆಂದು ಅದು ಹೇಳಿದ ಜಿಲ್ಲೆಗಳಲ್ಲಿ ನಮ್ಮ ಅಂದಿನ ಗುಲಬರ್ಗಾ ಜಿಲ್ಲೆಯೂ ಒಂದು. ಸತ್ತವರ ಸಂಖ್ಯೆಯನ್ನು ಆ ಸಮಿತಿ ಸಂಸ್ಥಾನದಲ್ಲೆಲ್ಲ 27,000ದಿಂದ 40,000ದವರೆಗೆ ಅಂದಾಜು ಮಾಡಿತು. ವರದಿ ಬಹುಕಾಲ ಕಡತದಲ್ಲಿಯೇ ಉಳಿದು, 2013ರ ಸುಮಾರಿಗೆ ಜನರ ಓದಿಗೆ ದೊರೆಯಿತು. ಅದನ್ನು ಕುರಿತು ಓದಿದ ದಿನ ನನಗೆ ಬೆಟ್ಟದ ಮೇಲಿನ ಮಾಸ್ತರರ ಮಾತು ನೆನಪಾಯಿತು. ಜೋಳದ ಹೊಲದಲ್ಲಿ ಕೂಸಿನ ಬಾಯಿ ಒತ್ತಿ ಹಿಡಿದ ತಾಯಿ ಒಬ್ಬಳು. ಓಣಿಯ ಕೊನೆಯ ಮನೆಯಿಂದ ಕಾಣದಾದವರು ಕೆಲವರು. ಒಂದನ್ನು ಹೇಳಿದರೆ ಇನ್ನೊಂದು ಸುಳ್ಳಾಗುವುದಿಲ್ಲ. ಒಂದನ್ನೇ ಹೇಳುತ್ತ ಹೋದರೆ ಮಾತ್ರ ಹೇಳಿದ್ದೂ ಅರ್ಧ ಸುಳ್ಳಾಗುತ್ತದೆ.

ಕೊನೆಗೆ ನನ್ನ ಮನೆಯದೇ ಒಂದು ಸಂಗತಿ. ನಮ್ಮ ತಂದೆಯವರು ತೀರಿಕೊಂಡ ಮೇಲೆ ಅವರ ತಗಡಿನ ಪೆಟ್ಟಿಗೆಯಲ್ಲಿ ಹಳೆಯ ಕಾಗದಗಳ ಒಂದು ಕಟ್ಟು ಸಿಕ್ಕಿತು. ಎಲ್ಲವೂ ಉರ್ದುವಿನಲ್ಲಿದ್ದವು; ನಿಜಾಮರ ಕಾಲದ ಕಂದಾಯದ ಪತ್ರಗಳು. ನಮ್ಮ ತಾತ ಅವನ್ನು ಸರಾಗವಾಗಿ ಓದುತ್ತಿದ್ದರಂತೆ. ತಂದೆಗೆ ಅರ್ಧಂಬರ್ಧ ಬರುತ್ತಿತ್ತು. ನನಗೆ ಒಂದಕ್ಷರವೂ ಬಾರದು. ನಮ್ಮದೇ ಹೊಲದ ನೆನಪು ನಮ್ಮದೇ ಪೆಟ್ಟಿಗೆಯಲ್ಲಿದ್ದು ನಮಗೆ ಮುಚ್ಚಿಹೋಗಿತ್ತು. ಶಹಾಪುರದಲ್ಲಿ ನಿವೃತ್ತರಾದ ಉರ್ದು ಮಾಸ್ತರರೊಬ್ಬರಿದ್ದಾರೆಂದು ತಿಳಿದು ಅವರ ಬಳಿಗೆ ಒಯ್ದೆ. ಎಂಬತ್ತು ದಾಟಿದ ಅವರು ಕಿಟಕಿಯ ಬೆಳಕಿಗೆ ಕಾಗದ ಹಿಡಿದು ನಿಧಾನವಾಗಿ ಓದತೊಡಗಿದರು. ಅಕ್ಷರ ಉರ್ದುವಿನವು, ಆದರೆ ಅವರ ಬಾಯಿಂದ ಬರುತ್ತಿದ್ದ ಹೊಲಗಳ ಹೆಸರುಗಳೆಲ್ಲ ಅಚ್ಚ ಕನ್ನಡದವು. ಕರಿಕಲ್ಲಿನ ಹೊಲ, ಬನ್ನಿಗಿಡದ ಪಟ್ಟಿ, ಕೆಳಗಿನ ಬಾವಿ. ಮೂರನೆಯ ಹಾಳೆಯಲ್ಲಿ ಅವರು ‘ಹುಣಸೀಗಿಡದ ಹೊಲ’ ಎಂದು ಓದಿದಾಗ ನಾನು ಮತ್ತೊಮ್ಮೆ ಓದಿರೆಂದು ಕೇಳಿಕೊಂಡೆ.

ಬಸ್ಸಿನ ನಿಲುಗಡೆಯಲ್ಲಿ ನನಗೆ ತಿಳಿಯದಿದ್ದ ಹೊಲ ಒಂದು ಕಾಲಕ್ಕೆ ನಮ್ಮದೇ ಆಗಿತ್ತು. ತಾತನ ಕಾಲದಲ್ಲಿ ಕೈಬಿಟ್ಟಿತ್ತೆಂದು ತೋರುತ್ತದೆ. ಆ ಹೆಸರನ್ನು ಕಟ್ಟೆಯ ಮೇಲಿನ ಹಿರಿಯರ ನಾಲಗೆ ಕಾದಿಟ್ಟಿತ್ತು. ನಾವು ಪರರದೆಂದು ದೂರವಿಟ್ಟ ಲಿಪಿಯೂ ಕಾದಿಟ್ಟಿತ್ತು. ಹೊರಡುವಾಗ ಉರ್ದು ಮಾಸ್ತರರು, “ಇಂಥ ಕಾಗದ ಬ್ಯಾರೆಯವರ ಮನ್ಯಾಗೂ ಇರತಾವ. ಲಗೂನ ತರಲಿಕ್ಕೆ ಹೇಳ್ರಿ. ಕಣ್ಣು ಇನ್ನ ಭಾಳ ದಿನ ಹಿಡಿಯೂದಿಲ್ಲ” ಎಂದರು.

ಹೊಸ ತಾಲ್ಲೂಕಿನ ಊರಿಗೆ ನಾನು ಹೇಳಬಹುದಾದ ಮಾತೂ ಇಷ್ಟೇ. ದೊಡ್ಡ ಸ್ಮಾರಕ ಬೇಡ. ಶಾಲೆಯ ಮಕ್ಕಳು ಒಂದು ಬೇಸಿಗೆಯಲ್ಲಿ ಮನೆಮನೆಗೆ ಹೋಗಿ ಹೊಲ, ಬಾವಿ, ಓಣಿ, ದಾರಿಗಳ ಹೆಸರುಗಳನ್ನು ಬರೆದುಕೊಳ್ಳಲಿ. ಸರ್ವೆ ನಂಬರಿನ ಎದುರಿಗೆ ಆ ಹೆಸರೂ ಇರಲಿ. ಪೆಟ್ಟಿಗೆಯ ಉರ್ದು ಕಾಗದಗಳನ್ನು ಓದಬಲ್ಲವರು ಇರುವಾಗಲೇ ಓದಿಸಿ ಕನ್ನಡದಲ್ಲಿ ಬರೆದಿಡಲಿ. ಹಿರಿಯರು ಕತೆ ನಿಲ್ಲಿಸುವ ಜಾಗದಲ್ಲಿ, ಅವರಿಗೆ ನೋವಾಗದಂತೆ, ಮುಂದೇನಾಯಿತೆಂದು ಇನ್ನೊಮ್ಮೆ ಕೇಳಲಿ. ಎರಡು ಬಗೆಯ ಉತ್ತರ ಬಂದರೆ ಒಂದನ್ನು ಹೊಡೆದುಹಾಕದಿರಲಿ. ಒಳ್ಳೆಯದಾವುದು ಕೆಟ್ಟದಾವುದು ಎಂಬುದನ್ನು ಅವರು ದೊಡ್ಡವರಾದ ಮೇಲೆ ನೋಡಿಕೊಳ್ಳುತ್ತಾರೆ.

ನಾನು ಅಜ್ಜಿಯನ್ನು ಆ ಪ್ರಶ್ನೆ ಇನ್ನೊಮ್ಮೆ ಕೇಳಲಿಲ್ಲ. ಅರಳೆ ಹಿಂಜುವವರ ಮನೆಯ ಯಜಮಾನನ ಹೆಸರೇನೆಂದು ಅವಳಿಗೆ ಖಂಡಿತ ಗೊತ್ತಿತ್ತು. ಅದನ್ನು ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ.